ದೊಡ್ಡವರು ಕೂತಲ್ಲೇ ಶಿಖರ

ಆ ಊರಿನಲ್ಲಿ ಶಿಖರ ಅಂದರೆ ಬೆಟ್ಟದ ತುದಿ ಅಲ್ಲ. ದೊಡ್ಡವರು ಎಲ್ಲಿ ಕೂರುತ್ತಾರೋ ಅದು ಶಿಖರ.

ನಗಬೇಡಿ. ನಿಮ್ಮೂರಿನಲ್ಲಿ ಇದಕ್ಕಿಂತ ಚೆಂದದ ಕಾನೂನುಗಳಿವೆ, ನಾನು ನೋಡಿದ್ದೇನೆ.

ಊರಿನ ಬೆನ್ನಿಗೇ ಒಂದು ಬೆಟ್ಟ. ಅದರ ಏಣು ಬೆಟ್ಟದ ಕಡೆಯ ಊರಬಾಗಿಲಿನಿಂದಲೇ ಶುರುವಾಗಿ, ಬಡಕಲು ಎತ್ತಿನ ಬೆನ್ನುಮೂಳೆಯ ಹಾಗೆ ಎದ್ದುಕೊಂಡು ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಎಡಗಡೆ ಪ್ರಪಾತ, ಬಲಗಡೆ ಪ್ರಪಾತ, ನಡುವೆ ಇಬ್ಬರು ಅಕ್ಕಪಕ್ಕ ನಡೆದರೆ ಒಬ್ಬರ ಮೇಲೊಬ್ಬರಿಗೆ ಅನುಮಾನ ಬರುವಷ್ಟೇ ದಾರಿ. ವರ್ಷಕ್ಕೊಂದು ದಿನ, ಹೊಂಗೆ ಚಿಗುರಿ ಬೇಸಿಗೆ ಇನ್ನೂ ಕಣ್ಣು ಬಿಡುತ್ತಿರುವಾಗ, ಊರಿಗೆ ಊರೇ ಆ ಏಣು ಹತ್ತುತ್ತಿತ್ತು. ಆ ದಿನ ಬೆಳಗ್ಗೆ ಆ ಬಾಗಿಲು ತೆರೆಯುವುದು, ಸಂಜೆ ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ಮುಚ್ಚುವುದು. ಆಮೇಲೆ ಮುಂದಿನ ವರ್ಷವೇ.

ಮುಂದೆ ದೊಡ್ಡವರು. ಅವರ ಹಿಂದೆ ಮಣೆ. ಮಣೆಯ ಹಿಂದೆ ಹೊಗಳುವವನು. ಅವನ ಹಿಂದೆ ಇನ್ನೂರು ಜನ. ದೊಡ್ಡವರಿಗೆ ಕಾಲು ಸೋತಾಗ "ಸಾಕು" ಅನ್ನುವರು. ಮಣೆ ಬೀಳುವುದು. ಅವರು ಕೂರುವರು. ಹೊಗಳುವವನು ಗಂಟಲು ಸರಿಮಾಡಿಕೊಂಡು ಕೂಗುವನು:

"ಇದೇ ತುದಿ, ಇದೇ ಮೇಲು. ಇದರಾಚೆ ನೆಲವಿಲ್ಲ, ನೆಲದಾಚೆ ಯಾರಿಲ್ಲ."

ಇನ್ನೂರು ಬಾಯಿ "ಯಾರಿಲ್ಲ, ಯಾರಿಲ್ಲ" ಅನ್ನುವವು. ಎದುರಿಗೇ ಏಣು ಇನ್ನೂ ಮೇಲಕ್ಕೆ ಹೋಗುತ್ತಿರುತ್ತದೆ. ಅದು ಕಣ್ಣಿಗೆ ಬೀಳಬಾರದು ಅಂತ ಎಲ್ಲರೂ ತಲೆ ತಗ್ಗಿಸಿ ನಿಲ್ಲುತ್ತಾರೆ. ಅದಕ್ಕೆ ಅಲ್ಲಿ ಭಕ್ತಿ ಅಂತ ಹೆಸರು. ಒಂದು ಕಲ್ಲು ನೆಟ್ಟು, ಸುಣ್ಣ ಬಳಿದು, ಬುತ್ತಿ ಬಿಚ್ಚಿ ತಿಂದು, ತೇಗಿ, ಇಳಿದು ಬರುವರು.

ಈಗಿನ ದೊಡ್ಡವರ ಅಜ್ಜನ ಕಾಲದಲ್ಲಿ ಶಿಖರ ಮೋಡದ ಒಳಗಿತ್ತಂತೆ. ಅಪ್ಪನ ಕಾಲಕ್ಕೆ ಮೋಡದಿಂದ ಈಚೆ ಬಂತು. ಈಗಿನವರು ಪಾಪ, ಒಳ್ಳೆಯ ಊಟಗಾರರು. ಹಾಗಾಗಿ ಶಿಖರ ವರ್ಷವರ್ಷವೂ ಊರಿನ ಕಡೆ ಇಳಿಯುತ್ತಾ ಬಂತು. ಹೋದ ವರ್ಷದ್ದು ಒಂದು ನೆಲ್ಲಿಮರದ ಬುಡದಲ್ಲಿತ್ತು. ಅಲ್ಲಿ ನಿಂತರೆ ಯಾರ ಮನೆಯಲ್ಲಿ ಏನು ಒಗ್ಗರಣೆ ಅಂತ ಮೂಗಿಗೆ ಗೊತ್ತಾಗುತ್ತಿತ್ತು. "ನಮ್ಮ ದೊಡ್ಡವರ ಕಾಲದಲ್ಲಿ ಶಿಖರವೇ ಜನರ ಹತ್ತಿರ ಬಂದಿದೆ" ಅಂತ ಹೊಗಳುವವನು ಹೊಸ ಸಾಲು ಸೇರಿಸಿದ. ಜನ ಕಣ್ಣೊರೆಸಿಕೊಂಡರು.

ಇನ್ನು ಮಣೆಯ ವಿಷಯ. ಹಲಸಿನ ಹಲಗೆ, ಕೆಳಗೆ ಎರಡು ಅಡ್ಡಪಟ್ಟಿಯ ಕಾಲು, ಅಷ್ಟೇ. ಆದರೆ ಏಣಿನ ಮೇಲೆ ದೊಡ್ಡವರು ಬರೀ ನೆಲಕ್ಕೆ ಕೂರುವಂತಿಲ್ಲ. ಕೂತರೆ ದೊಡ್ಡತನ ನೆಲಕ್ಕಿಳಿದು ಹೋಗುತ್ತದೆ. ದೊಡ್ಡವರು ಕೂರುವ ಮುಂಚೆ ಇನ್ಯಾರೂ ಕೂರುವಂತಿಲ್ಲ. ಮಣೆಯ ಮನೆಯವರನ್ನು ಬಿಟ್ಟು ಬೇರೆಯವರು ಮುಟ್ಟಿದರೆ ಅದು ಮಣೆ ಅಲ್ಲ, ಹಲಗೆ. ಎಲ್ಲಕ್ಕಿಂತ ಮುಖ್ಯ, ಮಣೆ ಅಲುಗಬಾರದು. ಅಲುಗುವ ಮಣೆಯ ಮೇಲೆ ದೊಡ್ಡವರು ಕೂತರೆ ಆ ವರ್ಷ ಊರೇ ಅಲುಗುತ್ತದೆ. ಅದಕ್ಕೆ ಮಣೆ ಹೊತ್ತವನು ಅದನ್ನು ನೆಲಕ್ಕಿಟ್ಟು, ನಾಲ್ಕು ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, "ನಿಂತಿದೆ" ಅಂದ ಮೇಲೇ ದೊಡ್ಡವರ ಅಂಡು ಕೆಳಗಿಳಿಯುವುದು.

ಹೋದ ವರ್ಷದ ತನಕ ಮಣೆ ಹೊರುತ್ತಿದ್ದವನು ಈ ಕತೆಯ ಹೆಂಗಸಿನ ಗಂಡ. ನೆಲ್ಲಿಮರದ ಬುಡದಲ್ಲಿ ಮಣೆ ಹಾಕಿ, "ನಿಂತಿದೆ" ಅಂದು, ಹೆಂಡತಿಯ ಕಿವಿಯಲ್ಲಿ, "ಹತ್ತು ಹೆಜ್ಜೆ ಮೇಲೆ ಹೋಗಿ ನೋಡಿ ಬರ್ತೀನಿ ಕಣೇ. ಮೇಲೆ ಎಲ್ಲೋ ನೀರಿನ ಚಿಲುಮೆ ಇದೆ ಅಂತಿದ್ದ ನಮ್ಮಜ್ಜ" ಅಂದ. ಎಲ್ಲರ ತಲೆ ತಗ್ಗಿತ್ತಲ್ಲ, ಹೋದದ್ದನ್ನು ಯಾರೂ ನೋಡಲಿಲ್ಲ. ಹತ್ತು ಹೆಜ್ಜೆ ಅಂದವರು ಯಾರು ತಾನೇ ಹತ್ತಕ್ಕೆ ನಿಂತಿದ್ದಾರೆ? ಅವನು ವಾಪಸ್ಸು ಬರುವಷ್ಟರಲ್ಲಿ ದನ ಕೊಟ್ಟಿಗೆ ಸೇರಿದ್ದವು, ಬಾಗಿಲಿಗೆ ಅಗುಳಿ ಬಿದ್ದಿತ್ತು. ಅವನು ಮೂರು ಸಲ ತಟ್ಟಿದ. ತನ್ನ ಹೆಸರು ಹೇಳಿದ, ಹೆಂಡತಿಯ ಹೆಸರನ್ನೂ ಹೇಳಿದ. ಕಾವಲುಗಾರ ಓಡಿಹೋಗಿ ದೊಡ್ಡವರನ್ನು ಕೇಳಿದ.

"ಶಿಖರದಾಚೆ ಯಾರಿದ್ದಾರೆ?" ಅಂದರು ದೊಡ್ಡವರು.

"ಯಾರಿಲ್ಲ."

"ಮತ್ತೆ ತಟ್ಟೋರು ಯಾರು? ಗಾಳಿ. ದನ ಬಂದಮೇಲೆ ಏನು ತಟ್ಟಿದರೂ ಗಾಳಿ ಅಂತ ತಿಳ್ಕೋ, ಹೋಗು."

ಮಾರನೇ ಬೆಳಗ್ಗೆ ಕಾವಲುಗಾರ ಬೀದಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದ: "ರಾತ್ರಿ ಎಂಥಾ ಗಾಳಿ ಅಂತೀರಿ!" ಹೆಂಗಸು ಬಾಗಿಲಿಗೆ ಓಡಿ ಬಂದು, ಸಂದಿಯಲ್ಲಿ ಬಾಯಿಟ್ಟು ಕೂಗಿದಳು. ಗಾಳಿ ಅಷ್ಟರಲ್ಲಿ ವಾಪಸ್ಸು ಬೆಟ್ಟ ಹತ್ತಿಬಿಟ್ಟಿತ್ತು.

ಆ ಸಂಜೆ ಏಣಿನ ತೀರಾ ಮೇಲೆ ಒಂದು ಎಳೆ ಹೊಗೆ ಎದ್ದಿತು. ಅವಳು ಹಿತ್ತಲಿಗೆ ಹೋಗಿ ಒಲೆಗೆ ಹಸಿ ಸೊಪ್ಪು ಹಾಕಿ, ತಾನೂ ಒಂದು ಎಳೆ ಹೊಗೆ ಬಿಟ್ಟಳು. ಒಂದು ವರ್ಷ ಆ ಗಂಡ ಹೆಂಡತಿ ಸಂಸಾರ ಮಾಡಿದ್ದೇ ಹೀಗೆ. ಅವನದೊಂದು ಹೊಗೆ, ಇವಳದೊಂದು ಹೊಗೆ. ಅಕ್ಕಪಕ್ಕದವರ ಮನೆಯಲ್ಲಿ ಇದಕ್ಕಿಂತ ಹೆಚ್ಚು ಮಾತುಕತೆ ಇತ್ತು ಅಂತ ಹೇಳಲಾರೆ.

ಈ ಸಲದ ನಡಿಗೆಗೆ ಒಂಬತ್ತು ದಿನ ಇರುವಾಗ ಮೇಲಿನ ಹೊಗೆ ನಿಂತುಹೋಯಿತು.

ಅವಳು ತನ್ನ ಹೊಗೆ ಬಿಡುತ್ತಲೇ ಇದ್ದಳು. ಮೂರು ದಿನ ಕಾದಳು, ನಾಲ್ಕನೇ ದಿನ ದೊಡ್ಡವರ ಜಗಲಿಗೆ ಹೋದಳು.

"ಬೆಟ್ಟದ ಮೇಲೆ ದಿನಾ ಹೊಗೆ ಕಾಣ್ತಿತ್ತಲ್ಲ ದೊಡ್ಡವರೇ, ಅದು ನಿಂತೋಗಿದೆ."

"ಅದು ಹೊಗೆ ಅಲ್ಲಮ್ಮ, ಮಂಜು."

"ಬೇಸಿಗೆಯಲ್ಲಿ ಮಂಜಾ?"

"ಅದಕ್ಕೇ ನಿಂತಿದ್ದು ನೋಡು" ಅಂದರು ದೊಡ್ಡವರು. ಜಗಲಿಯಲ್ಲಿದ್ದವರೆಲ್ಲ ಆ ಬುದ್ಧಿವಂತಿಕೆಗೆ ತಲೆದೂಗಿದರು.

ಮಣೆಯವನು ಊರಲ್ಲಿಲ್ಲದ ಕಾರಣ ಮಣೆ ಈ ಸಲ ಮಣೆಯವಳ ತಲೆಗೆ ಬಂದಿತ್ತು. ಅವಳು ಯೋಚನೆ ಮಾಡಿದಳು. ನಡಿಗೆಯ ದಿನ ತಾನೊಬ್ಬಳೇ ಶಿಖರ ದಾಟಿ ಓಡಿದರೆ? ಊರಿಗೆ ಒಂದು ಗಾಳಿ ಇದ್ದದ್ದು ಎರಡಾಗುತ್ತದೆ, ಅಷ್ಟೇ. ಅವನಿಗೆ ಏನೋ ಆಗಿದ್ದರೆ ಎತ್ತಿಕೊಂಡು ಬರುವವರು ಯಾರು, ಬಾಗಿಲು ತೆರೆಯುವವರು ಯಾರು? ಅವನು ಶಿಖರದ ಈಚೆಗೆ ಬರುವ ಹಾಗಿಲ್ಲವಾದರೆ, ಶಿಖರವನ್ನೇ ಅವನಿರುವಲ್ಲಿಗೆ ಹೊತ್ತುಕೊಂಡು ಹೋಗಬೇಕು.

ನಡಿಗೆಯ ಹಿಂದಿನ ಮಧ್ಯಾಹ್ನ ಅವಳು ಮಚ್ಚು ಹಿಡಿದು, ಮಣೆಯನ್ನು ಕವುಚಿ ಹಾಕಿ, ಒಂದು ಕಾಲಿನ ಮೂಲೆಯಿಂದ ಬೆರಳಗಲದ ಒಂದು ಚಕ್ಕೆ ಕೆತ್ತಿದಳು. ಆ ಚಕ್ಕೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಣೆಯನ್ನು ಅಡುಗೆಮನೆಯ ಸಮನೆಲದ ಮೇಲಿಟ್ಟು ಹೆಬ್ಬೆರಳು ಒತ್ತಿದಳು. ಕಟಕ್ ಅಂದಿತು. ಅವಳಿಗೆ ವರ್ಷದಲ್ಲಿ ಮೊದಲ ಸಲ ನಗು ಬಂತು.

ಬೆಳಗ್ಗೆ ಬಾಗಿಲು ತೆರೆಯಿತು. ಊರು ಹತ್ತಿತು. ದೊಡ್ಡವರಿಗೆ ಈ ಸಲ ನೆಲ್ಲಿಮರದ ತನಕ ಹೋಗುವ ಮನಸ್ಸೂ ಇರಲಿಲ್ಲ. ಅದಕ್ಕಿಂತ ಕೆಳಗೆ ಒಂದು ಹೊಂಗೆಯ ನೆರಳು ಕಂಡದ್ದೇ, "ಸಾಕು" ಅಂದರು.

ಮಣೆಯವಳು ಮಣೆ ಇಟ್ಟಳು. ಮೂಲೆ ಒತ್ತಿದಳು. ಕಟಕ್.

"ಅಲುಗುತ್ತೆ, ದೊಡ್ಡವರೇ."

"ಸ್ವಲ್ಪ ಆ ಕಡೆ ಇಡು."

ಕಟಕ್.

"ಈ ಕಡೆ."

ಕಟಕ್.

"ಇಲ್ಲಿ ನೆಲ ಸಮ ಇಲ್ಲ. ಇನ್ನೊಂದು ಚೂರು ಮೇಲೆ ಇರಬಹುದು" ಅಂದು ಅವಳು ಮಣೆ ತಲೆಗೇರಿಸಿ ಮುಂದೆ ಹೊರಟಳು.

ಹೊಗಳುವವನಿಗೆ ಬುತ್ತಿಯ ಚಿತ್ರಾನ್ನದ ಕಡೆ ಮನಸ್ಸು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ಗೊಣಗಿದ.

"ಹಾಗಾದ್ರೆ ನೀವೇ ಹಾಕಿ, ತಗೊಳ್ಳಿ" ಅಂತ ಅವಳು ತಿರುಗಿ ಮಣೆ ಮುಂದಕ್ಕೆ ಹಿಡಿದಳು. ಹೊಗಳುವವನು ಬಿಸಿ ಕೆಂಡ ಕಂಡವನ ಹಾಗೆ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅವನು ಮುಟ್ಟಿದರೆ ಅದು ಹಲಗೆ, ಹಲಗೆಯ ಮೇಲೆ ಕೂತರೆ ದೊಡ್ಡವರು ಬರೀ ಒಬ್ಬ ಮುದುಕ.

ಹೀಗೆ ಹೋಯಿತು ಮೆರವಣಿಗೆ. ಮುಂದೆ ಮಣೆ, ಹಿಂದೆ ದೊಡ್ಡವರು. ಊರು ಹುಟ್ಟಿದಾಗಿನಿಂದ ಮೊದಲ ಸಲ ಆ ಸಾಲು ತಿರುಗುಮುರುಗಾಗಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೂರಲು ಯಾರಿಗೂ ಅಪ್ಪಣೆ ಇಲ್ಲ, ವಾಪಸ್ಸು ಹೋಗೋಣವೆಂದರೆ ಶಿಖರ ಮುಟ್ಟದೆ ಇಳಿಯುವ ಹಾಗಿಲ್ಲ. ಇನ್ನೇನು ಮಾಡುವುದು? ಹತ್ತಿದರು.

ನೆಲ್ಲಿಮರ ಬಂತು. ಹಳೆಯ ಶಿಖರ ಕಂಡಾಗ ಹೊಗಳಬೇಕು ಅಂತ ನಿಯಮ, ಹೊಗಳುವವನು ಹೊಗಳಿದ: "ಇದೇ ತುದಿ, ಇದೇ ಮೇಲು. ಇದರಾಚೆ ನೆಲವಿಲ್ಲ." ಹೊಗಳಿ ಮುಗಿಸಿ ಆಚೆಗೆ ಕಾಲಿಟ್ಟ. ನೆಲವಿತ್ತು. ಮೇಲೆ ಅದರ ಹಿಂದಿನ ವರ್ಷದ ಕಲ್ಲು ಬಂತು. "ಇದೇ ತುದಿ, ಇದೇ ಮೇಲು." ಅದರ ಮೇಲೆ ಅದರ ಹಿಂದಿನದು. ಇಪ್ಪತ್ತು ಕಲ್ಲಾಗುವ ಹೊತ್ತಿಗೆ ಅವನ ಗಂಟಲು ಒಣಗಿ, "ಇದೇ... ಇದೇ..." ಅನ್ನುವುದಷ್ಟೇ ಉಳಿಯಿತು. ಪ್ರತಿ ಕಲ್ಲಿನ ಹತ್ತಿರವೂ ದೊಡ್ಡವರು "ಸಾಕು" ಅನ್ನುವರು. ಪ್ರತಿ ಕಲ್ಲಿನ ಹತ್ತಿರವೂ ಮಣೆ ಕಟಕ್ ಅನ್ನುವುದು.

"ಅಯ್ಯೋ, ಇಲ್ಲಿ ನಿಮ್ಮಪ್ಪ ಕೂತಿದ್ದರಪ್ಪಾ!" ಅಂದಳು ಸೂಲಗಿತ್ತಿ, ಒಂದು ಪಾಚಿಗಟ್ಟಿದ ಕಲ್ಲಿನ ಹತ್ತಿರ. ಊರಿನ ಅರ್ಧ ಜನರನ್ನು ಭೂಮಿಗೆ ತಂದ ಮುದುಕಿ ಅವಳು. ದೊಡ್ಡವರನ್ನೂ ತಲೆಕೆಳಗಾಗಿ ಹಿಡಿದು ಅಂಡಿಗೆ ಬಡಿದು ಅಳಿಸಿದವಳು. "ನಾನಾಗ ಇಷ್ಟುದ್ದ ಹುಡುಗಿ. ಕೂತವರು ಎದ್ದ ಮೇಲೆ ಮೇಲಿನ ಕಡೆ ನೋಡಿ ಒಂದು ನಿಟ್ಟುಸಿರು ಬಿಟ್ಟರು. ನಾನು ನೋಡಿದೀನಿ."

"ನನಗೆ ಯಾರೂ ಹೇಳಿರಲಿಲ್ಲ" ಅಂದರು ದೊಡ್ಡವರು, ಏದುಸಿರಿನ ನಡುವೆ.

"ನೀವು ಯಾರನ್ನು ಕೇಳಿದ್ರಿ?"

ಮರಗಳು ಮುಗಿದವು. ಏಣು ಕಡಿದಾಯಿತು. ಬಿಸಿಲು ಬಂಡೆಗೆ ಬಡಿದು ಮುಖಕ್ಕೆ ಬರುತ್ತಿತ್ತು, ಆದರೆ ಅದರ ಹಿಂದೆಯೇ ಮೂಳೆ ಕೊರೆಯುವ ತಣ್ಣನೆಯ ಗಾಳಿ, ನಿಜವಾದ ಗಾಳಿ. ಒಂದು ಕಡೆ ದಾರಿ ಎಷ್ಟು ಸಪೂರವಾಯಿತೆಂದರೆ ದೊಡ್ಡವರು ನಾಲ್ಕು ಕಾಲಿನಲ್ಲಿ ಬಂದರು. ಹೊಗಳುವವನು ಅದನ್ನು "ಭೂಮಿತಾಯಿಗೆ ಸಾಷ್ಟಾಂಗ" ಅಂದ. ಅವನ ಹೊಟ್ಟೆಪಾಡು ಅವನಿಗೆ.

ಅಜ್ಜನ ಕಾಲದ ಕಲ್ಲೂ ಹಿಂದಾಯಿತು. ಅಲ್ಲಿಂದಾಚೆಗೆ ಕಲ್ಲಿರಲಿಲ್ಲ, ಹೊಗಳಿಕೆ ಇರಲಿಲ್ಲ, ಬರೀ ಏಣು. ಮಣೆಯವಳು ತಲೆ ಎತ್ತಲಿಲ್ಲ. ಎತ್ತಿದರೆ ಏನು ಕಾಣುವುದೋ ಅಂತ ಅವಳಿಗೆ ಭಯ. ದೇವರೇ, ಅವನು ಇರಲಿ, ಕಾಲಿಲ್ಲದಿದ್ದರೂ ಇರಲಿ, ಬುದ್ಧಿ ಕೆಟ್ಟಿದ್ದರೂ ಇರಲಿ, ನನ್ನ ಮೇಲೆ ರೇಗುವುದಕ್ಕಾದರೂ ಇರಲಿ ಅಂತ ಹೆಜ್ಜೆಗೊಂದು ಸಲ ಅಂದುಕೊಳ್ಳುತ್ತಾ ನಡೆದಳು.

ಬಂಡೆಯ ಒಂದು ಚಾಚು, ಅದರ ಕೆಳಗೆ ಜಿನುಗುವ ಚಿಲುಮೆ, ಮೂರು ಕಲ್ಲಿನ ಒಲೆ. ಒಲೆಯಲ್ಲಿ ಬೂದಿ ತಣ್ಣಗಿತ್ತು. ಪಕ್ಕದಲ್ಲಿ ಅವನು ಬಿದ್ದಿದ್ದ. ಒಂದು ಕಾಲು ಮುರಿದು, ಕಾಲಿರಬೇಕಾದ ಕಡೆ ಇರಲಿಲ್ಲ. ಕಣ್ಣು ತೆರೆದು ಅವಳನ್ನು ನೋಡಿದ.

"ಒಬ್ಬಳೇ ಬಂದ್ಯಾ?"

"ಇಲ್ಲ. ಶಿಖರಾನೂ ತಂದಿದೀನಿ" ಅಂದಳು. ಅಂದವಳೇ ಅಳುವುದಕ್ಕೆ ಶುರುಮಾಡಿದಳು.

ಸೌದೆ ತರಲು ಇಳಿದಾಗ ಜಾರಿ ಬಿದ್ದನಂತೆ. ಒಲೆಯ ತನಕ ತೆವಳಿ ಬಂದು, ಕೈಗೆ ಸಿಕ್ಕಿದ ಪುಳ್ಳೆಯನ್ನೆಲ್ಲ ಮೊದಲ ದಿನವೇ ಉರಿಸಿ, ಆಮೇಲೆ ಒಂಬತ್ತು ದಿನ ಹಸಿ ಗೆಣಸು, ತಣ್ಣೀರು. ಮೈ ಮಂಜುಗಡ್ಡೆ, ಹಲ್ಲು ಕಟಕಟ ಅನ್ನುತ್ತಿತ್ತು. ಸೂಲಗಿತ್ತಿ ಬಂದು ಕಾಲು ಮುಟ್ಟಿ ನೋಡಿದಳು.

"ಎರಡು ಪಟ್ಟಿ ಬೇಕು ಕಟ್ಟೋಕೆ. ಕಟ್ಟದೆ ಈ ದಾರಿಯಲ್ಲಿ ಇಳಿಸಿದ್ರೆ ಜೀವ ದಾರಿಯಲ್ಲೇ ಉಳಿಯುತ್ತೆ. ಅದಕ್ಕೂ ಮೊದಲು ಬಿಸಿ ಗಂಜಿ ಹೊಟ್ಟೆಗೆ ಬೀಳಬೇಕು. ಸೌದೆ ಎಲ್ಲಿದೆ?"

ಸೌದೆ ಎಲ್ಲೂ ಇರಲಿಲ್ಲ. ಕೊನೆಯ ಮರ ಎಷ್ಟೋ ಕೆಳಗೆ ಉಳಿದಿತ್ತು.

ಅಷ್ಟರಲ್ಲಿ ದೊಡ್ಡವರು ತೆವಳುತ್ತಾ ಬಂದು ಮುಟ್ಟಿದರು. ಹಿಂದೆ ಇನ್ನೂರು ಜನ ಬಂಡೆಯ ಮೇಲೆ ಒಬ್ಬೊಬ್ಬರಾಗಿ ಬಂದು ನಿಂತರು. "ಹಾಕು!" ಅಂದರು ದೊಡ್ಡವರು. "ಹಾಕೇ ತಾಯಿ, ನಿನ್ನ ದಮ್ಮಯ್ಯ! ಇಲ್ಲಿ ಬಂಡೆ ಚಪ್ಪಟೆಯಾಗಿದೆ, ಇಲ್ಲೂ ಅಲುಗುತ್ತೆ ಅಂದ್ರೆ ನಾನು ಹಾರಿಕೊಳ್ತೀನಿ!"

ಮಣೆಯವಳ ಕೈ ಸೆರಗಿನ ಗಂಟಿಗೆ ಹೋಯಿತು. ಚಕ್ಕೆ ಅಲ್ಲೇ ಇತ್ತು. ಅದನ್ನು ಕಾಲಿನ ಕೆಳಗೆ ತುರುಕಿ "ನಿಂತಿದೆ" ಅಂದರೆ ಮುಗಿಯಿತು. ದೊಡ್ಡವರು ಕೂರುತ್ತಾರೆ, ಇದೇ ಶಿಖರವಾಗುತ್ತದೆ, ಶಿಖರದ ಮೇಲಿರುವವನು ಗಾಳಿಯಲ್ಲ, ಮನುಷ್ಯ. ಬಾಗಿಲು ತೆರೆಯುತ್ತದೆ. ಅದಕ್ಕೇ ತಾನೇ ಇಷ್ಟು ದೂರ ಊರನ್ನು ಎಳೆದು ತಂದದ್ದು? ಆದರೆ ದೊಡ್ಡವರು ಒಂದು ಸಲ ಕೂತ ಮಣೆಗೆ ಗೀರು ಕೂಡ ಬೀಳುವ ಹಾಗಿಲ್ಲ. ಹಾಗೇ ತಲೆಯ ಮೇಲೆ ಹೊತ್ತು ಇಳಿಸಬೇಕು. ಇನ್ನೂರು ಜನ ಅದಕ್ಕೆ ಕಾವಲು. ಅವನು ಶಾಸ್ತ್ರದ ಪ್ರಕಾರ ಇರುತ್ತಾನೆ, ಸಂಜೆಯೊಳಗೆ ಸತ್ತಿರುತ್ತಾನೆ. ಊರಿನಲ್ಲಿ ಅಂಥವರು ಬೇಕಾದಷ್ಟು ಜನ ಇದ್ದರು.

ಅವನ ಹಲ್ಲು ಕಟಕಟ ಅನ್ನುತ್ತಲೇ ಇತ್ತು.

ಅವಳು ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಬಂಡೆಯ ಮೇಲೆ ಅಪ್ಪಳಿಸಿದಳು. ಒಂದು ಸಲಕ್ಕೆ ಸೀಳಿತು, ಎರಡನೇ ಸಲಕ್ಕೆ ಕಾಲು ಕಿತ್ತುಬಂತು. ಎರಡು ಅಡ್ಡಪಟ್ಟಿಯನ್ನು ಸೂಲಗಿತ್ತಿಯ ಕೈಗೆ ಕೊಟ್ಟಳು. ಹಲಸಿನ ಸೀಳುಗಳನ್ನು ಒಲೆಗೆ ಜೋಡಿಸಿ, ಸೆರಗಿನ ಗಂಟು ಬಿಚ್ಚಿ, ಆ ಚಕ್ಕೆಗೆ ಮೊದಲು ಬೆಂಕಿ ತಾಗಿಸಿದಳು. ಯಾರೋ ಬುತ್ತಿಯ ಅನ್ನ ಮುಂದಿಟ್ಟರು, ಯಾರೋ ಗಡಿಗೆಗೆ ಚಿಲುಮೆಯ ನೀರು ಹಿಡಿದರು. ಹೊಗೆ ಎದ್ದಿತು.

ಹೊಗಳುವವನಿಗೆ ಗಾಬರಿ. "ಮಣೆ ಇಲ್ಲ ಅಂದ್ರೆ ಶಿಖರ ಇಲ್ಲ. ಶಿಖರ ಇಲ್ಲ ಅಂದ್ರೆ... ನಾವೆಲ್ಲ ಈಗ ಎಲ್ಲಿದ್ದೀವಿ?"

"ಬೆಟ್ಟದ ಮೇಲೆ" ಅಂದಳು ಸೂಲಗಿತ್ತಿ. ಕಾಲು ಕಟ್ಟಿ ಮುಗಿಸಿ, ಸೊಂಟ ಹಿಡಿದುಕೊಂಡು, ಉಸ್ಸಪ್ಪಾ ಅಂತ ಬಂಡೆಯ ಮೇಲೆ ಕೂತುಬಿಟ್ಟಳು. ಎಲ್ಲರೂ ಉಸಿರು ಬಿಗಿಹಿಡಿದರು. ಏನೂ ಆಗಲಿಲ್ಲ. ಆಮೇಲೆ ಇನ್ನೊಬ್ಬರು ಕೂತರು, ಮತ್ತೊಬ್ಬರು, ಹತ್ತು ಜನ, ನೂರು ಜನ. ಬೆಳಗ್ಗೆಯಿಂದ ನಿಂತ ಕಾಲುಗಳು, ಕೂರುವುದು ಇಷ್ಟು ಸುಖ ಅಂತ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡವರೊಬ್ಬರೇ ನಿಂತಿದ್ದರು.  ಮಣೆಯವಳು ಗಂಡನಿಗೆ ಗಂಜಿ ಕುಡಿಸುತ್ತಿದ್ದವಳು ತಿರುಗಿ ನೋಡಿದಳು. ಅವಳಿಗೆ ಸಿಟ್ಟು ಬರಬೇಕಾಗಿತ್ತು, ಅಯ್ಯೋ ಅನ್ನಿಸಿತು.

"ಕೂತ್ಕೊಳ್ಳಿ. ನೆಲ ಏನೂ ಮಾಡಲ್ಲ."

ದೊಡ್ಡವರು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ, ಬರೀ ಬಂಡೆಯ ಮೇಲೆ ಕೂತರು. ಹೊಗಳುವವನು ಅಭ್ಯಾಸಬಲದಿಂದ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಇದೇ ತುದಿ, ಇದೇ..." ಅಂತ ಶುರುಮಾಡಿದ.

"ಬಾಯಿ ಮುಚ್ಚೋ" ಅಂದರು ದೊಡ್ಡವರು. "ಕಾಲು ನೋಯ್ತಿದೆ, ಅಷ್ಟೇ."

ಕೂತಲ್ಲಿಂದ ಅವರು ತಲೆ ಎತ್ತಿದರು. ಏಣು ಇನ್ನೂ ಮೇಲಕ್ಕೆ ಹೋಗುತ್ತಿತ್ತು. "ಇನ್ನೂ ಇದೆ ಅಲ್ವಾ?" ಅಂತ ಸಣ್ಣ ದನಿಯಲ್ಲಿ ಕೇಳಿದರು. "ಬೇಕಾದಷ್ಟಿದೆ" ಅಂದ ಮಣೆಯವನು, ಗಂಜಿಯ ನಡುವೆ.

ಇಳಿದರು. ನಾಲ್ಕು ಜನ ಹೆಗಲು ಬದಲಾಯಿಸುತ್ತಾ ಅವನನ್ನು ಹೊತ್ತರು. ಊರಬಾಗಿಲು ಮುಟ್ಟುವಾಗ ದನ ಕೊಟ್ಟಿಗೆ ಸೇರಿದ್ದವು, ಅಗುಳಿ ಬಿದ್ದಿತ್ತು. ದೊಡ್ಡವರು ತಟ್ಟಿದರು.

ಒಳಗೆ ಸದ್ದಿಲ್ಲ. ಮತ್ತೆ ತಟ್ಟಿದರು. "ಬಾಗಿಲು ತೆಗೆಯೋ! ನಾನು ಕಣೋ, ದೊಡ್ಡವರು!"

"ಹೋದ ವರ್ಷ ಮಣೆಯವನ ಥರ ಮಾತಾಡ್ತು, ಈ ವರ್ಷ ದೊಡ್ಡವರ ಥರ" ಅಂತ ಕಾವಲುಗಾರ ಒಳಗೆ ತನ್ನಷ್ಟಕ್ಕೆ ಹೇಳಿಕೊಳ್ಳುವುದು ಕೇಳಿಸಿತು. "ಗಾಳಿ ವರ್ಷಕ್ಕೊಂದು ಕಲಿಯುತ್ತೆ."

ಮೂರನೇ ಸಲ ತಟ್ಟಿ ದೊಡ್ಡವರು ಕೈ ಇಳಿಬಿಟ್ಟರು. ಹೆಗಲುಗಳ ಮೇಲಿದ್ದವನ ಕಡೆ ತಿರುಗಿದರು.

"ನೀನು ಎಷ್ಟು ಸಲ ತಟ್ಟಿದ್ದೆ?"

"ಮೂರು."

"ಆಮೇಲೆ?"

"ಆಮೇಲೆ ಏನು, ವಾಪಸ್ಸು ಹತ್ತಿದೆ."

 ದೊಡ್ಡವರ ಕಣ್ಣಲ್ಲಿ ನೀರು ತುಂಬಿತು. ಈ ಸಲ ಅದನ್ನು ವರ್ಣಿಸಲು ಹೊಗಳುವವನೂ ಬಾಯಿ ತೆರೆಯಲಿಲ್ಲ.

"ಅವನು ಒಬ್ಬನೇ ಇದ್ದ, ಅದಕ್ಕೆ ತಟ್ಟಿದ" ಅಂದಳು ಮಣೆಯವಳು. "ನಾವು ಇನ್ನೂರು ಜನ ಇದ್ದೀವಿ." ಸೆರಗು ಬಿಗಿದು, ಬಾಗಿಲಿಗೆ ಹೆಗಲು ಕೊಟ್ಟಳು. ಅವಳ ಪಕ್ಕಕ್ಕೆ ಇನ್ನೊಂದು ಹೆಗಲು ಬಂತು, ಮೆತ್ತನೆಯದು, ಯಾವತ್ತೂ ಏನನ್ನೂ ಹೊತ್ತಿರದ ದೊಡ್ಡವರ ಹೆಗಲು. ಆಮೇಲೆ ಉಳಿದವರದು.

ಬೆಳಗ್ಗೆ ಮಣೆಯವಳ ಹಿತ್ತಲಿನಿಂದ ಎಂದಿನ ಅಡುಗೆಯ ಹೊಗೆ ಏಳುತ್ತಿತ್ತು, ಇಬ್ಬರಿಗಾಗುವಷ್ಟು. ಬೆಟ್ಟದ ಕಡೆಯ ಬಾಗಿಲು ಕೀಲು ಕಿತ್ತು ಅಂಗಾತ ಬಿದ್ದಿತ್ತು. ಕಾವಲುಗಾರ ಅದರ ಪಕ್ಕದಲ್ಲೇ ಕೋಲು ಹಿಡಿದು ಕೂತು, ಬಾಗಿಲಿಲ್ಲದ ಆ ಜಾಗವನ್ನು ನಿಷ್ಠೆಯಿಂದ ಕಾಯುತ್ತಾ, ಹೋಗುವವರಿಗೆಲ್ಲ ಬರುವವರಿಗೆಲ್ಲ ಹೇಳುತ್ತಿದ್ದ:

"ರಾತ್ರಿ ಎಂಥಾ ಗಾಳಿ ಅಂತೀರಿ!"